ಮಲೆನಾಡ ಹಳೇ ಮನೇಲಿ ಮುಗ್ಗಲು ವಾಸನೆ ಯಾಕೆ ಬರುತ್ತೆ

ಜುಲೈ ಬಂತು ಅಂದ್ರೆ ನಂಗೆ ಒಂದೇ ಥರದ ಫೋನ್ ಬರುತ್ತೆ. ಹೋದ ವರ್ಷ ಕೊಪ್ಪದ ಕಡೆ ಗೌಡ್ರೊಬ್ರು ಮಾಡಿದ್ರು. "ಸಾರ್, ಬಂದೋರೆಲ್ಲ ಮನೆ ಚೆನ್ನಾಗಿದೆ ಊಟ ಚೆನ್ನಾಗಿದೆ ಅಂತಾರೆ, ಆದ್ರೆ ರೂಮಲ್ಲಿ ಮುಗ್ಗಲು ವಾಸನೆ, ಹಾಸಿಗೆ ತೇವ ತೇವ ಅಂತ ಗೊಣಗ್ಕೊಂಡು ಹೋಗ್ತಾರೆ, ಎಂಥಾದ್ರೂ ಮಷೀನ್ ಹಾಕ್ಸಣಾ?" ಮನೆ ಸುಮಾರು ನೂರು ವರ್ಷದ್ದು. ಟಾರ್ ರೋಡಿಂದ ನಾಲ್ಕು ಕಿಲೋಮೀಟರ್ ಒಳಗೆ, ಕೊನೇ ಒಂದು ಕಿಲೋಮೀಟರ್ ಜೀಪ್ ಬಿಟ್ರೆ ಬೇರೆ ಏನೂ ಹೋಗಲ್ಲ, ಮುಂದೆ ಅಡಿಕೆ ತೋಟ ಹಿಂದೆ ಗುಡ್ಡ. ಅದನ್ನ ಹೋಮ್‌ಸ್ಟೇ ಅಂತ ರಿಪೇರಿ ಮಾಡಿ ಕೊಟ್ಟಿದ್ದು ನಾನೇ. ಅಂದ್ಮೇಲೆ ಆ ವಾಸನೆ ನಂದೇ ಅನ್ನಿ.

ನಾನು ಆರ್ಕಿಟೆಕ್ಟ್, ಜಾಸ್ತಿ ಕೆಲಸ ಮಾಡೋದು ಹಳೇ ತೊಟ್ಟಿ ಮನೆಗಳ ಮೇಲೆ. ಈಗ ಊರಿಗೊಂದು ಇಕೋ ಸ್ಟೇ ಬೋರ್ಡ್ ಕಾಣುತ್ತಲ್ಲ, ಅದ್ರಲ್ಲಿ ಹೋಗಿ ಉಳಿಯೋರಿಗೂ ನಡೆಸೋರಿಗೂ ಈ ವಾಸನೆ ವಿಚಾರ ಒಂದ್ಸಲ ಬಿಡಿಸಿ ಹೇಳಬೇಕು ಅನ್ಸಿತ್ತು.

ಮೊದಲು ಮಳೆ ಎಷ್ಟು ಅಂತ ತಲೇಲಿ ಇಟ್ಕೊಳ್ಳಿ. ಬೆಂಗಳೂರಲ್ಲಿ ಇಡೀ ವರ್ಷಕ್ಕೆ ಹೆಚ್ಚುಕಮ್ಮಿ 1000 ಮಿಲಿಮೀಟರ್ ಬೀಳುತ್ತೆ, ಆಗುಂಬೆಲಿ ವರ್ಷದ ಸರಾಸರಿನೇ 7000 ದಾಟುತ್ತೆ, ಅದ್ರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ನಾಲ್ಕು ತಿಂಗಳು ಗಾಳಿನೇ ಒದ್ದೆ. ಹಳೇ ಮನೆಗೆ ಪಾಯದಲ್ಲಿ ಡ್ಯಾಂಪ್ ಪ್ರೂಫ್, ಅಂದ್ರೆ ನೆಲದ ತೇವ ತಡೆಯೋ ಪದರ, ಅಂತ ಏನೂ ಇರಲ್ಲ, ಜಂಬಿಟ್ಟಿಗೆ ಕಲ್ಲು (ಕೆಂಪು ಮುರಕಲ್ಲು) ಆಗಲಿ ಮಣ್ಣಿನ ಗೋಡೆ ಆಗಲಿ ನೆಲದಿಂದ ನೀರು ಹೀರ್ಕೊಂಡು ಮೇಲೆ ತಗೊಳ್ಳುತ್ತೆ, ದೀಪದ ಬತ್ತಿ ಎಣ್ಣೆ ಎಳ್ಕೊಂಡ ಹಾಗೆ. ಅದನ್ನ ತಡೆಯೋಕೆ ಹೋಗಬಾರದು, ಹೀರಿದ ನೀರು ಗೋಡೆ ಮೈಯಿಂದ ಆರಿ ಹೋಗೋಕೆ ಬಿಡಬೇಕು. ಸುಣ್ಣದ ಗಾರೆ ಅದಕ್ಕೆ ಬಿಡುತ್ತೆ, ಸಿಮೆಂಟ್ ಬಿಡಲ್ಲ. ಹೊರಗಡೆ ಸಿಮೆಂಟ್ ಪ್ಲಾಸ್ಟರ್, ಒಳಗಡೆ ಪ್ಲಾಸ್ಟಿಕ್ ಪೇಂಟ್ ಹೊಡೆದ್ರೆ ನೀರು ಮಧ್ಯ ಸಿಕ್ಕಾಕೊಂಡು ಇನ್ನೂ ಮೇಲಕ್ಕೆ ಹತ್ತುತ್ತೆ, ಸೊಂಟದ ಎತ್ತರದಲ್ಲಿ ಬಿಳಿ ಉಪ್ಪು ಏಳುತ್ತೆ, ಪೇಂಟು ಹಪ್ಪಳದ ಥರ ಉಬ್ಬುತ್ತೆ. ಓನರ್ ಮತ್ತೆ ಪೇಂಟ್ ಹೊಡೆಸ್ತಾರೆ, ಮುಂದಿನ ಮಳೆಗೆ ಮತ್ತೆ ಹಪ್ಪಳ!

ಗೌಡ್ರ ಮನೇಲಿ ಈ ತಪ್ಪು ಮಾಡಿರಲಿಲ್ಲ. ಹಳೇ ಸಿಮೆಂಟ್ ತೇಪೆ ಎಲ್ಲ ಕಿತ್ತು, ಸುಣ್ಣ ನೆನೆಹಾಕಿ, ಬೆಲ್ಲದ ನೀರು ಅಳಲೆಕಾಯಿ ನೀರು ಸೇರ್ಸಿ ಗಾರೆ ಮಾಡ್ಸಿದ್ವಿ. ಸುಣ್ಣ ಗಟ್ಟಿಯಾಗೋದು ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು, ನಿಧಾನಕ್ಕೆ, ಅದಕ್ಕೇ ಈ ಕೆಲಸ ಮಳೆ ಬಿಟ್ಮೇಲೆ ನವೆಂಬರಿಂದ ಏಪ್ರಿಲ್ ಒಳಗೆ ಮುಗಿಸ್ಕೋಬೇಕು, ಅವಸರ ಮಾಡೋ ಓನರ್‌ಗೆ ಇದು ಹೇಳಿ ಒಪ್ಪಿಸೋದೇ ನನ್ನ ಅರ್ಧ ಕೆಲಸ. ಮೇಲೆ ಮೂರು ಕೋಟ್ ಸುಣ್ಣ ಬಳಿದ್ವಿ, ಸುಣ್ಣದಲ್ಲಿರೋ ಕ್ಷಾರಕ್ಕೆ ಬೂಷ್ಟು ಹಿಡಿಯೋದೂ ಕಮ್ಮಿ. ಮತ್ತೆ ವಾಸನೆ ಎಲ್ಲಿಂದ?

ಜೀಪ್ ಹತ್ಕೊಂಡು ಹೋದೆ. ಅಟ್ಟ ಹತ್ತಿ ಟಾರ್ಚ್ ಬಿಟ್ರೆ ಹಂಚು ಹೊತ್ತಿರೋ ಪಕಾಸಿನ ಮೇಲೆ ಬಿಳಿ ಬೂಷ್ಟು, ಒಂದ್ಕಡೆ ಅಡಿಕೆ ಮರದ ದಬ್ಬೆ ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತಿತ್ತು. ಕೆಳಗೆ ನಿಂತಿದ್ದ ಗೌಡ್ರ ತಾಯಿ ಅಲ್ಲಿಂದ್ಲೇ ಹೇಳಿದ್ರು, "ಒಲೆ ತೆಗ್ಸಿದ್ರಲ್ಲ ಮಾರಾಯ್ರೆ, ಇನ್ನೆಂಥ ಆಗ್ತದೆ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಈ ಮನೆಗಳಲ್ಲಿ ಬೆಳಿಗ್ಗೆಯಿಂದ ರಾತ್ರಿ ತನಕ ಎಲ್ಲೋ ಒಂದ್ಕಡೆ ಬೆಂಕಿ ಇರ್ತಿತ್ತು, ಅಡಿಗೆಮನೇಲಿ ಇಲ್ಲಾ ಬಚ್ಚಲ ಹಂಡೆ ಕೆಳಗೆ. ಆ ಬಿಸಿ, ಆ ಹೊಗೆ ಅಟ್ಟಕ್ಕೆ ಹೋಗಿ ಮರ ಒಣಗಿಸ್ತಿತ್ತು, ಹುಳ ಬರದ ಹಾಗೆ ಮಾಡ್ತಿತ್ತು, ಆಮೇಲೆ ಹಂಚಿನ ಸಂದಿಯಿಂದ ಹೊರಗೆ ಹೋಗ್ತಿತ್ತು. ಮಂಗಳೂರು ಹಂಚು ಬಂದಿದ್ದು ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಫ್ಯಾಕ್ಟರಿ ಹಾಕಿದ್ಮೇಲೆ, ಒಂದಕ್ಕೊಂದು ಕೊಂಡಿ ಸಿಕ್ಕಿಸೋ ಹಂಚು, ಮಳೆ ಒಳಗೆ ಬಿಡಲ್ಲ ಆದ್ರೆ ಗಾಳಿ ಹೊರಗೆ ಬಿಡುತ್ತೆ. ನಾನು ಮಾಡಿದ್ದೇನು? ಅಡಿಗೆಮನೆ ನೀಟಾಗಿ ಕಾಣ್ಲಿ ಅಂತ ಒಲೆ ತೆಗೆಸಿ ಗ್ಯಾಸ್ ಇಟ್ಟೆ, ಹಲ್ಲಿ ಬೀಳುತ್ತೆ ಧೂಳು ಬೀಳುತ್ತೆ ಅಂತ ಗೆಸ್ಟ್ ರೂಮಿಗೆ ಪ್ಲೈವುಡ್ ಸೀಲಿಂಗ್ ಹೊಡೆಸಿದೆ, ಸೂರಿನ ಸಂದಿ ಎಲ್ಲ ಮುಚ್ಚಿಸಿದೆ. ಫೋಟೋದಲ್ಲಿ ಬಹಳ ಚೆನ್ನಾಗಿ ಬಂತು. ಅದ್ರ ಮೇಲೆ ವೀಕೆಂಡ್ ಬಿಟ್ರೆ ವಾರವಿಡೀ ರೂಮುಗಳಿಗೆ ಬೀಗ. ಹತ್ತು ಜನ ಬೆಳಿಗ್ಗೆ ಎದ್ದು ಕಿಟಕಿ ತೆಗ್ದು ಬಾಗಿಲು ತೆಗ್ದು ಓಡಾಡ್ತಿದ್ದ ಮನೆ ಅದು, ಐದು ದಿನ ಮುಚ್ಚಿಟ್ರೆ ಇನ್ನೇನು ಆಗುತ್ತೆ ಹೇಳಿ. ಸಸ್ಟೇನಬಲ್ ಅಂತ ನಾವು ಗೋಡೆಗೆ ಏನು ಬಳಿದ್ವಿ ಅನ್ನೋದ್ರ ಮೇಲೇ ಮಾತಾಡ್ತೀವಿ, ದಿನಾ ಆ ಮನೇಲಿ ಯಾರು ಏನು ಮಾಡ್ತಾರೆ ಅನ್ನೋದು ನನ್ನ ಡ್ರಾಯಿಂಗಲ್ಲಿ ಇರಲೇ ಇಲ್ಲ.

ಹಾಗಂತ ಹೊಗೆ ಒಳ್ಳೇದು ಅಂತ ನಾನು ಹೇಳಲ್ಲ, ಆ ಹೊಗೆ ಕುಡಿದು ಕುಡಿದು ಎದೆ ಹಾಳು ಮಾಡ್ಕೊಂಡಿದ್ದು ಹೆಂಗಸರು. ಅದಕ್ಕೇ ಅಡಿಗೆಮನೆಗೆ ಅಸ್ತ್ರ ಒಲೆ ಹಾಕ್ಸಿದ್ವಿ, ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು ಹಳ್ಳಿಗಳಿಗೆ ಅಂತ ಮಾಡಿದ್ದು, ಸೌದೆ ಕಮ್ಮಿ, ಹೊಗೆ ಚಿಮಣೀಲಿ ಹೊರಗೆ, ಬಿಸಿ ಮಾತ್ರ ಒಳಗೆ. ಪ್ಲೈವುಡ್ ಕಿತ್ತು, ಸೂರಿನ ಸಂದಿಗೆ ಮೆಶ್ ಹೊಡೆದು ಬಿಟ್ವಿ. ಬಚ್ಚಲ ಪಕ್ಕದ ಹಳೇ ಹಂಡೆ ಒಲೆ ಮತ್ತೆ ಶುರು ಮಾಡಿ ಅದ್ರ ಹೊಗೆ ಮಾತ್ರ ಅಟ್ಟಕ್ಕೆ ಬಿಟ್ವಿ, ಗೆಸ್ಟ್ ಇಲ್ಲದ ದಿನವೂ ಸಾಯಂಕಾಲ ಒಂದು ಗಂಟೆ ಬೆಂಕಿ ಹಾಕಬೇಕು ಅಂತ ಕರಾರು. ಮೇ ತಿಂಗಳಲ್ಲಿ ಹಂಚು ಕೈಯಾಡಿಸೋದು, ಅಂದ್ರೆ ತೆಗೆದು ಸರಿ ಮಾಡಿ ಜೋಡಿಸೋದು, ಮಳೆ ಬೀಸೋ ಕಡೆ ಸೋಗೆ ತಟ್ಟಿ ಕಟ್ಟೋದು, ಇದು ಅವರಿಗೆ ನಾನೇನೂ ಹೇಳಿಕೊಡಬೇಕಿರಲಿಲ್ಲ.

ಹಂಡೆ ಅಂದ ತಕ್ಷಣ ಗೀಸರ್ ಯಾಕಿಲ್ಲ ಅಂತ ಕರೆಂಟ್ ವಿಷಯ ಬರುತ್ತೆ. ಅಲ್ಲಿ ಗುಡ್ಡದ ಹಳ್ಳದಿಂದ ಪೈಪಲ್ಲಿ ನೀರು ಇಳಿಸಿ ಸಣ್ಣ ಟರ್ಬೈನ್ ತಿರುಗಿಸ್ತಾರೆ. ಸೆಕೆಂಡಿಗೆ 10 ಲೀಟರ್ ನೀರು 15 ಮೀಟರ್ ಎತ್ತರದಿಂದ ಬಂದ್ರೆ ಲೆಕ್ಕದಲ್ಲಿ 1470 ವ್ಯಾಟ್, ಪೈಪು ಟರ್ಬೈನು ತಿಂದಿದ್ದು ಕಳೆದ್ರೆ ಕೈಗೆ ಸಿಗೋದು ಹತ್ತಿರತ್ತಿರ 700. ಲೈಟು, ಫ್ಯಾನು, ಮೊಬೈಲ್ ಚಾರ್ಜಿಗೆ ಧಾರಾಳ, ಮಳೆಗಾಲದಲ್ಲಿ ಬಿಸಿಲಿಲ್ಲದೆ ಸೋಲಾರ್ ಮಲಗಿದಾಗ್ಲೇ ಹಳ್ಳ ತುಂಬಿರುತ್ತೆ, ಅದು ಇದರ ದೊಡ್ಡ ಲಾಭ. ಆದ್ರೆ ಹೇರ್ ಡ್ರೈಯರ್ ಒಂದೇ 1200 ವ್ಯಾಟ್ ಕೇಳುತ್ತೆ, ಗೀಸರ್ 2000. ಬೆಂಗಳೂರಿಂದ ಬಂದೋರು ಯಾರೋ ಎಲೆಕ್ಟ್ರಿಕ್ ಕೆಟಲ್ ತಂದು ಪ್ಲಗ್ ಹಾಕಿದ್ರೆ ಇಡೀ ಮನೆ ಕತ್ತಲೆ, ಆಮೇಲೆ ಗೌಡ್ರು ರೇನ್‌ಕೋಟ್ ಹಾಕ್ಕೊಂಡು ಇಂಬಳ (ಜಿಗಣೆ) ಕಚ್ಚಿಸ್ಕೊಂಡು ಹಳ್ಳದ ಹತ್ರ ಹೋಗಬೇಕು.

ಬುಕ್ ಮಾಡೋಕೆ ಮುಂಚೆ ಏನು ಕೇಳಬೇಕು ಅಂತ ತುಂಬ ಜನ ಕೇಳ್ತಾರೆ. ಇಕೋ ಫ್ರೆಂಡ್ಲಿನಾ ಅಂತ ಕೇಳಬೇಡಿ, ಎಲ್ರೂ ಹೌದು ಅಂತಾರೆ. ಆ ಮನೇಲಿ ಯಾರಾದ್ರೂ ವಾಸ ಇದ್ದಾರಾ ಕೇಳಿ. ಸ್ನಾನಕ್ಕೆ ನೀರು ಹೇಗೆ ಕಾಯಿಸ್ತೀರಿ ಕೇಳಿ. ಟಾಯ್ಲೆಟ್ ನೀರು ಎಲ್ಲಿಗೆ ಹೋಗುತ್ತೆ ಕೇಳಿ, ಹಳ್ಳಕ್ಕೆ ಬಿಡೋರು ತಡವರಿಸ್ತಾರೆ, ಗೊತ್ತಾಗುತ್ತೆ. ಪಾರ್ಕಿಂಗಿಗೋ ಸ್ವಿಮ್ಮಿಂಗ್ ಪೂಲಿಗೋ ಹೊಸದಾಗಿ ಗುಡ್ಡದ ದರೆ ಕಡಿದಿದ್ರೆ ನಾನಂತೂ ಮಳೆಗಾಲದಲ್ಲಿ ಅಲ್ಲಿ ಮಲಗಲ್ಲ, 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಜಾರಿದ್ದು ನೋಡಿದ ಮೇಲೆ. ಹಳೇ ಮನೆ ರಿಪೇರಿ ಮಾಡೋದ್ರಲ್ಲಿ ನಂಗೆ ಇಷ್ಟ ಆಗೋದೂ ಇದೇ, ಹಿರಿಯರು ನೋಡಿ ಆರಿಸಿದ ಜಾಗ, ಹೊಸದಾಗಿ ಗುಡ್ಡ ಮುಟ್ಟೋ ಕೆಲಸ ಇರಲ್ಲ.

ಹೋದ್ಮೇಲೆ ಮಳೆ ಸ್ವಲ್ಪ ಬಿಟ್ಟಾಗ ಕಿಟಕಿ ತೆಗೀರಿ, ಒದ್ದೆ ಟವೆಲ್ ರೂಮಲ್ಲಿ ಒಣಗಿಸಬೇಡಿ, ಅಡಿಗೆಮನೆ ಹತ್ರ ಕೊಡಿ. ಟಾಯ್ಲೆಟ್ಟಿಗೆ ವೆಟ್ ವೈಪ್ಸ್ ಹಾಕಬೇಡಿ, ಸೆಪ್ಟಿಕ್ ಟ್ಯಾಂಕ್ ಕ್ಲೀನ್ ಮಾಡೋ ಗಾಡಿ ಆ ರಸ್ತೇಲಿ ಬರಲ್ಲ.

ಈ ಜುಲೈನಲ್ಲೂ ಗೌಡ್ರ ಫೋನ್ ಬಂತು. "ಸಾರ್, ಮುಗ್ಗಲು ವಾಸನೆ ಪೂರ್ತಿ ಹೋಯ್ತು. ಈಗ ಬಟ್ಟೆಗೆಲ್ಲ ಹೊಗೆ ವಾಸನೆ ಅಂತಿದ್ದಾರೆ."