ಜಾಹ್ನವಿ ಅಂತ ಇಟ್ರೆ ಜರ್ಮನಿಯಲ್ಲಿ ಯಾನಾವಿ ಆಗ್ಬಿಡುತ್ತಂತೆ, ಹೆಸರು ಬದಲಾಯಿಸ್ಬೇಕಾ?

ಪ್ರಶ್ನೆ: ಬಾಣಂತನಕ್ಕೆ ಅಂತ ಮಂಡ್ಯಕ್ಕೆ ಬಂದಿದೀನಿ, ನಮ್ಮನೆಯವ್ರು ಮ್ಯೂನಿಕ್‌ನಲ್ಲಿದಾರೆ, ಇನ್ನೊಂದಷ್ಟು ತಿಂಗಳಿಗೆ ನಾನೂ ಮಗೂನೂ ಅಲ್ಲಿಗೇ ಹೋಗ್ತೀವಿ. ಮಗಳದ್ದು ಉತ್ತರಾಷಾಢ ಮೂರನೇ ಪಾದ, ಜಾ ಅಕ್ಷರ ಬಂತು, ಜಾಹ್ನವಿ ಅಂತ ಎಲ್ರೂ ಒಪ್ಕೊಂಡ್ರು. ಆದ್ರೆ ಇವ್ರು ಫೋನಲ್ಲಿ, ಅಲ್ಲಿ ಜೆ ಅಂದ್ರೆ ಯ, ಸ್ಕೂಲಲ್ಲಿ ಯಾನಾವಿ ಅಂತ ಕರೀತಾರೆ ಅಂದ್ರು. ಅದನ್ನ ಕೇಳಿಸ್ಕೊಂಡು ನಮ್ಮತ್ತೆ, ಯಾ ಅಂದ್ರೆ ಜ್ಯೇಷ್ಠಾ ನಕ್ಷತ್ರದ ಅಕ್ಷರ, ಬೇಡ್ವೇ ಬೇಡ ಅಂತ ಕೂತಿದಾರೆ. ಎಲ್ಲಾ ಕಡೆ ಒಂದೇ ಥರ ಕರೆಯೋ ಹೆಸರು ಹುಡುಕ್ಬೇಕಾ?

ಉತ್ತರ: ಬೇಡ, ಅದೇ ಹೆಸರಿಡಿ. ಯಾಕೆ ಅಂತ ಹೇಳ್ತೀನಿ, ಆದ್ರೆ ಅದಕ್ಕೂ ಮುಂಚೆ ಒಂದ್ ಕೆಲ್ಸ ಮಾಡಿ, ನಿಮ್ಮನೇಲಿ ಯಾರ್ಗೂ ಹೇಳದೆ ಸುಮ್ನೆ ಕಿವಿಗೊಟ್ಟು ಕೇಳಿ, ಜಾಹ್ನವಿ ಅನ್ನೋದನ್ನ ಬರೆದಂಗೇ ಹೇಳೋವ್ರು ಎಷ್ಟು ಜನ ಇದಾರೆ ಅಂತ. ಹ ಆದ್ಮೇಲೆ ನ ಬರೋದು ನಮ್ಮ ಬಾಯಿಗೇ ಕಷ್ಟ ಕಣ್ರೀ. ಚಿಹ್ನೆ ಅಂತ ಬರೀತೀವಿ ಚಿನ್ಹೆ ಅಂತೀವಿ, ಬ್ರಹ್ಮ ಬ್ರಮ್ಹ ಆಗುತ್ತೆ, ಮಧ್ಯಾಹ್ನದಲ್ಲಂತೂ ಹ ಪೂರ್ತಿ ಹಾರಿಹೋಗಿ ಮದ್ಯಾನ. ಮಂಡ್ಯದ ಹಳ್ಳಿ ಕಡೆ ಹೋದ್ರೆ ಹಾಲೇ ಆಲು, ಹರ್ಷ ಅರ್ಸ, ವೆಂಕಟೇಶ ಎಂಕ್ಟೇಸ, ಅದ್ರಲ್ಲಿ ತಪ್ಪೇನೂ ಇಲ್ಲ, ಅದು ಆ ಕಡೆ ಮಾತಿನ ರೀತಿ. ಹಂಗಾಗಿ ನಿಮ್ಮ ಮಗಳು ಇಲ್ಲೇ ಇದ್ರೂ ಅರ್ಧ ಊರಿಗೆ ಜಾನವಿನೇ ಆಗಿರ್ತಾಳೆ.

ಈಗ ಜರ್ಮನ್‌ಗೆ ಬನ್ನಿ. ಅವ್ರಲ್ಲಿ ಸ್ವರ ಆದ್ಮೇಲೆ, ಅದೇ ಸಿಲಬಲ್‌ನಲ್ಲಿ (ಒಂದೇ ಉಸಿರಿಗೆ ಹೇಳೋ ತುಂಡಿನಲ್ಲಿ), ಎಚ್ ಬಂದ್ರೆ ಅದನ್ನ ಉಚ್ಚಾರ ಮಾಡಲ್ಲ, ಹಿಂದಿನ ಸ್ವರ ದೀರ್ಘ ಅಂತ ಅಷ್ಟೇ ಅದ್ರ ಅರ್ಥ. ಅಂದ್ರೆ ಜೆ-ಎ-ಎಚ್-ಎನ್ ಅಂತ ಬರೆದ್ರೆ ಯಾನ್ ಅಂತ ಓದ್ತಾರೆ. ಅವ್ರಿಗೆ ಈ ಅಕ್ಷರಗಳು ಹೊಸದೇ ಅಲ್ಲ, ಯಾನ್ ಅನ್ನೋ ಸರ್‌ನೇಮ್ ಅಲ್ಲಿ ಮಾಮೂಲು, ಮ್ಯೂನಿಕ್ ಇರೋ ಬವೇರಿಯಾದಲ್ಲೇ ಯಾನ್ ರೇಗನ್ಸ್‌ಬುರ್ಗ್ ಅಂತ ಫುಟ್‌ಬಾಲ್ ಕ್ಲಬ್ ಇದೆ, ಜರ್ಮನಿಯಲ್ಲಿ ಜಿಮ್ನಾಸ್ಟಿಕ್ಸ್ ಜನಪ್ರಿಯ ಮಾಡಿದ ಫ್ರೀಡ್ರಿಶ್ ಲುಡ್ವಿಗ್ ಯಾನ್ ಹೆಸರಲ್ಲಿರೋದು ಅದು. ಸೋ ಹ ಬಿಟ್ಟುಬಿಡೋದ್ರಲ್ಲಿ ಮಂಡ್ಯದವ್ರೂ ಮ್ಯೂನಿಕ್‌ನವ್ರೂ ಒಂದೇ ಪಾರ್ಟಿ. ಉಳಿದಿದ್ದು ಜ ಒಂದೇ (ಇಂಗ್ಲಿಷ್‌ನ ವಿ ಅಕ್ಷರನ ಕೆಲವ್ರು ಫ ಅಂತ ಓದಬಹುದು, ಅವ್ರ ಹಳೇ ಪದಗಳಲ್ಲಿ ಹಂಗೇ).

ಆ ಜ ಬಗ್ಗೆ ಒಂದು ಸಮಾಧಾನದ ವಿಷ್ಯ. ಅವ್ರು ಯೂಲಿಯಾ, ಯೊಹಾನೆಸ್ ಅಂತ ಯ ಹೇಳ್ತಾರೆ ನಿಜ, ಆದ್ರೆ ಅದೇ ಜೆ ಇಂದ ಶುರುವಾಗೋ ಜೆನ್ನಿಫರ್, ಜೆಸ್ಸಿಕಾನ ಹೆಚ್ಚುಕಮ್ಮಿ ನಮ್ಮ ಹಾಗೇ ಹೇಳ್ತಾರೆ. ಅಂದ್ರೆ ತೊಂದ್ರೆ ಇರೋದು ಅವ್ರ ನಾಲಿಗೇಲಿ ಅಲ್ಲ, ಕಣ್ಣಲ್ಲಿ. ಬರೆದಿದ್ದನ್ನ ನೋಡಿ ಓದ್ತಾರೆ, ಅದಕ್ಕೇ ಯಾ ಆಗುತ್ತೆ. ಟೀಚರ್ ಹತ್ರ ಮೊದಲನೇ ದಿನಾನೇ "ಜೆನ್ನಿಫರ್‌ನ ಜೆ" ಅಂದ್ರೆ ಅವ್ರಿಗೆ ಗೊತ್ತಾಗುತ್ತೆ, ಮಕ್ಕಳಂತೂ ಹೆಸರನ್ನ ಓದಿ ಕಲಿಯಲ್ಲ, ಕೇಳಿ ಕಲೀತವೆ, ನಿಮ್ಮ ಮಗಳ ಪಕ್ಕ ಕೂತ್ಕೊಳೋ ಮಗು ಯಾನಾವಿ ಅನ್ನೋ ಚಾನ್ಸ್ ಕಮ್ಮಿ. ಡಾಕ್ಟರ್ ಹತ್ರ, ಆಫೀಸ್ ಕೌಂಟರ್‌ನಲ್ಲಿ ಲಿಸ್ಟ್ ನೋಡ್ಕೊಂಡು ಕೂಗೋವ್ರು ಅಂತಾರೆ, ಅನ್ಲಿ.

ನಾಲಿಗೆ ತೊಂದ್ರೆ ಅಂದ್ರೆ ಅದು ಬೇರೆ. ಮೃಣಾಳಿನಿ ಅಂತ ಇಟ್ಟಿದ್ರೆ ನಾನೂ ಯೋಚನೆ ಮಾಡಿ ಅಂತಿದ್ದೆ. ಣ, ಳ ಎರಡೂ ಜರ್ಮನ್, ಇಂಗ್ಲಿಷ್‌ನಲ್ಲಿ ಇಲ್ವೇ ಇಲ್ಲ, ಮೇಲಿಂದ ಋ ಬೇರೆ. ಎಷ್ಟು ಹೇಳ್ಕೊಟ್ರೂ ಪಾಪ ಅವ್ರಿಗೆ ಬರಲ್ಲ, ದೊಡ್ಡವರಾದ್ಮೇಲೆ ಹೊಸ ಸದ್ದು ಕಲಿಯೋದು ಸುಲಭ ಅಲ್ಲ. ಅಷ್ಟು ದೂರ ಯಾಕೆ, ಹಿಂದಿಯವ್ರಿಗೇ ಳ ಇಲ್ಲ.

ಎಲ್ಲಾ ಕಡೆ ಒಂದೇ ಥರ ಕರೆಯೋ ಹೆಸರು ಅಂತೀರಲ್ಲ, ನಮ್ಮ ದೇಶದೊಳಗೇ ಸಿಗೋದು ಕಷ್ಟ. ಪ್ರಜ್ಞಾ ತಗೊಳಿ, ಹಿಂದಿಯವ್ರು ಪ್ರಗ್ಯಾ, ಮರಾಠಿಯವ್ರು ಪ್ರದ್ನ್ಯಾ. ನಮ್ಮ ಅಮೃತಾ ಬಾಯಲ್ಲಿ ಅಮ್ರುತ, ಉತ್ತರದಲ್ಲಿ ಅಮ್ರಿತಾ. ವಾಣಿ ಕೋಲ್ಕತ್ತಾಗೆ ಹೋದ್ರೆ ಬಾನಿ. ಗೀತಾಗೆ ನಾವು ಇಂಗ್ಲಿಷ್‌ನಲ್ಲಿ ಟಿ ಜೊತೆ ಎಚ್ ಹಾಕ್ತೀವಿ, ಯಾಕಂದ್ರೆ ಬರೀ ಟಿ ನಮಗೆ ಟ, ಉತ್ತರದವ್ರಿಗೆ ಅದೇ ಎಚ್ ನೋಡಿದ್ರೆ ಗೀಥಾ ಅನ್ಸುತ್ತೆ. ಮೈಸೂರಲ್ಲಿ ಒಡೆಯರ್ ಅನ್ನೋ ರಾಜಮನೆತನದ ಹೆಸರೇ ಇಂಗ್ಲಿಷ್‌ನಲ್ಲಿ ಒಂದ್ ಕಡೆ ವೊಡೆಯರ್ ಇನ್ನೊಂದ್ ಕಡೆ ವಾಡಿಯಾರ್, ಶ್ರೀರಂಗಪಟ್ಟಣನ ಬ್ರಿಟಿಷರು ಸೆರಿಂಗಪಟಂ ಮಾಡಿದ್ರು. ಮಾಯಾ, ಮೀರಾ, ಅನಿಕಾ ಥರದ್ದು ಎಲ್ಲಾ ಕಡೆ ನಡೆಯುತ್ತೆ ನಿಜ, ಆದ್ರೆ ಹೊರಗಿರೋ ನಮ್ಮವ್ರೆಲ್ಲಾ ಅದೇ ನಾಲ್ಕೈದು ಹೆಸರಿಗೇ ಬೀಳ್ತಿದಾರೆ, ನನಗಂತೂ ಬೇಜಾರಾಗಿದೆ.

ಹೆಸರು ಬಿಡ್ಬೇಕಾಗಿರೋದು ಒಂದೇ ಕೇಸಲ್ಲಿ, ಹೋಗೋ ಊರಿನ ಭಾಷೇಲಿ ಅದು ಕೆಟ್ಟ ಮಾತಾಗಿ ಕೇಳಿಸಿದ್ರೆ. ನಮ್ಮ ಕಡೆ ಪ್ರೀತಿಯಿಂದ ಪುಟ್ಟ, ಪುಟ್ಟಿ ಅಂತೀವಲ್ಲ, ಸ್ಪೇನ್ ಪಾರ್ಕಲ್ಲಿ "ಪುಟ್ಟಾ ಬಾರೋ" ಅಂತ ಕೂಗಿದ್ರೆ ಸುತ್ತ ಇರೋವ್ರೆಲ್ಲಾ ತಿರುಗಿ ನೋಡ್ತಾರೆ, ಅಲ್ಲಿ ಅದು ಹೆಂಗಸರಿಗೆ ಬೈಯೋ ಕೆಟ್ಟ ಬೈಗುಳದ ಥರಾನೇ ಕೇಳ್ಸೋದು. ಯಾನಾವಿಗೆ ಜರ್ಮನ್‌ನಲ್ಲಿ ಅಂಥದ್ದೇನಿಲ್ಲ.

ಅತ್ತೆಗೆ ಏನ್ ಹೇಳೋದು? ನಕ್ಷತ್ರ ಹುಟ್ಟಿದ ಹೊತ್ತಿನ ಚಂದ್ರನ ಮೇಲೆ ನಿಂತಿರೋದು, ಪಕ್ಕದ್ಮನೆಯವ್ರು ಕರೆಯೋದ್ರ ಮೇಲೆ ಅಲ್ಲ. ನಾಮಕರಣದ ದಿನ ಅಕ್ಕಿ ಮೇಲೆ ಬರೆದು ಕಿವೀಲಿ ಹೇಳೋದು ಜಾಹ್ನವಿ ಅಂತಾನೇ ತಾನೆ? ನಕ್ಷತ್ರನಾಮ ಬೇರೆ ವ್ಯವಹಾರನಾಮ ಬೇರೆ ಅಂತ ನಮ್ಮಲ್ಲಿ ಮೊದ್ಲಿಂದ್ಲೂ ಇದೆ, ಪುರೋಹಿತರ ಬಾಯಲ್ಲೇ ಹೇಳ್ಸಿ, ನೀವು ಹೇಳಿದ್ರೆ ಜಗಳ ಆಗುತ್ತೆ.

ಇನ್ನು ಸ್ಪೆಲ್ಲಿಂಗ್, ಇಲ್ಲಿ ಮಾತ್ರ ಹುಷಾರು. ಹೇಗೂ ಎಚ್ ಯಾರೂ ಹೇಳಲ್ಲ ಅಂತ ತೆಗೆದುಹಾಕ್ಬೇಡಿ, ಜರ್ಮನ್‌ನಲ್ಲಿ ಆ ಎಚ್ಚೇ ನಿಮ್ಮ ಜಾ ದೀರ್ಘ ಕಾಯೋದು. ಜ ಬರ್ಲಿ ಅಂತ ಅವ್ರ ರೀತಿ ಡಿ-ಎಸ್-ಸಿ-ಎಚ್ ಹಾಕೋಕೂ ಹೋಗ್ಬೇಡಿ, ಅವ್ರು ಜಂಗಲ್‌ನ ಹಂಗೇ ಬರೆಯೋದು, ಆದ್ರೆ ಮಗೂ ಹೆಸರು ನೋಡೋಕಾಗಲ್ಲ, ಮಂಡ್ಯದಲ್ಲಿ ಯಾರ್ಗೂ ಓದೋಕೂ ಬರಲ್ಲ. ಸಂಖ್ಯಾಶಾಸ್ತ್ರದವ್ರು ಹೇಳೋ ಡಬಲ್ ಎ ಡಬಲ್ ಐ ಕೂಡ ಬೇಡ. ಜನನ ನೋಂದಣಿ 21 ದಿನದೊಳಗೆ ಆಗ್ಬೇಕು, ಹೆಸರಿಲ್ದೆನೂ ಆಗುತ್ತೆ, ಹೆಸರನ್ನ 12 ತಿಂಗಳೊಳಗೆ ಫೀಸ್ ಇಲ್ದೆ ಸೇರಿಸಬಹುದು. ಆದ್ರೆ ನಿಮಗೆ ಪಾಸ್‌ಪೋರ್ಟ್ ಬೇಗ ಬೇಕು, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಕ್ಕೆ ಬರ್ತ್ ಸರ್ಟಿಫಿಕೇಟೇ ದಾಖಲೆ, ಅದ್ರಲ್ಲಿ ಒಂದಕ್ಷರ ಆಚೆಈಚೆ ಆದ್ರೆ ಮುಂದೆ ಎಲ್ಲಾ ಕಡೆ ಓಡಾಟ. ಹಂಗೇ ನಮ್ಮ ಕಡೆ ಥರ ಬರೀ ಇನಿಷಿಯಲ್ ಹಾಕಿ ಬಿಟ್ಬಿಡ್ಬೇಡಿ, ಅಲ್ಲಿ ಪ್ರತಿ ಫಾರ್ಮ್‌ನಲ್ಲೂ ಸರ್‌ನೇಮ್ ಕೇಳ್ತಾರೆ, ಅಪ್ಪನ ಹೆಸರಾ ಊರ ಹೆಸರಾ ಅಂತ ನಿಮ್ಮನೆಯವ್ರ ಜೊತೆ ಈಗ್ಲೇ ಮಾತಾಡ್ಕೊಳಿ.