ಅತ್ತೆಯ ಮಾತೋ, ಸಕ್ಕರೆಯ ಅಂಕಿಯೋ: ಇಳಿವಯಸ್ಸಿನ ಆರೈಕೆಯಲ್ಲಿ ಯಾವುದು ಮೊದಲು?

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳ್ಳಿ. ಅತ್ತೆಯವರಿಗೆ 79 ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ., ಮೊಣಕಾಲು ನೋವು ಮೂರೂ ಇವೆ. ಶಿರಸಿಯಲ್ಲೊಬ್ಬರು, ಹುಬ್ಬಳ್ಳಿಯಲ್ಲೊಬ್ಬರು, ಮಂಗಳೂರಿನಲ್ಲೊಬ್ಬರು ಎಂದು ಮೂವರು ವೈದ್ಯರು ಬರೆದ ಗುಳಿಗೆಗಳು ಸೇರಿ ದಿನಕ್ಕೆ ಹನ್ನೊಂದಾಗಿವೆ. ಬೆಳಿಗ್ಗೆ ದೇವರಿಗೆ ಹೂ ಕೊಯ್ಯಬೇಕು, ಮಧ್ಯಾಹ್ನ ಎರಡು ತುತ್ತು ಅನ್ನ ಉಣ್ಣಬೇಕು, ಸಂಜೆ ಒಂದು ಕವಳ (ಎಲೆ-ಅಡಿಕೆ) ಹಾಕಬೇಕು, ಇಷ್ಟೇ ಅವರ ಆಸೆ. ಮೈದುನ ಬೆಂಗಳೂರಿನಿಂದ ದಿನವೂ ಫೋನ್ ಮಾಡಿ ಸಕ್ಕರೆ ಎಷ್ಟಿದೆ ಎಂದು ಕೇಳುತ್ತಾನೆ. ಹೆಚ್ಚಾಗಿದ್ದರೆ ನಾನೇ ಮಾತು ಕೇಳಬೇಕು. ನಾವು ಅತ್ತೆ ಹೇಳಿದಂತೆ ನಡೆಯಬೇಕೋ, ವೈದ್ಯರು ಹೇಳಿದಂತೆಯೋ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತಲೇ ಇರುತ್ತದೆ. ಅತ್ತೆಯ ಬದಲು ಅಪ್ಪ, ಕವಳದ ಬದಲು ಬೀಡಿ, ಅನ್ನದ ಬದಲು ಮೀನುಸಾರು ಕಲಸಿದ ಕುಚ್ಚಲಕ್ಕಿ ಗಂಜಿ, ಅಷ್ಟೇ ವ್ಯತ್ಯಾಸ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಳಿವಯಸ್ಸಿನಲ್ಲಿ ಸಕ್ಕರೆ, ಬಿ.ಪಿ. ಎಷ್ಟಿರಬೇಕೆಂಬ ಗುರಿಯನ್ನು ಆ ವ್ಯಕ್ತಿ ತನ್ನ ದಿನವನ್ನು ಹೇಗೆ ಕಳೆಯಬಯಸುತ್ತಾರೆ ಎಂಬುದನ್ನು ತಿಳಿದ ಮೇಲೆ ನಿಗದಿ ಮಾಡಬೇಕು. ಆದ್ದರಿಂದ ಮೊದಲು ಅತ್ತೆಯವರನ್ನು ಕೇಳಿ, ಅನಂತರ ಅವರ ಮಾತನ್ನೂ ಎಲ್ಲ ಗುಳಿಗೆಗಳನ್ನೂ ಒಬ್ಬ ವೈದ್ಯರ ಮುಂದಿಟ್ಟು, ಗುರಿಯನ್ನು ಹೊಸದಾಗಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ಯಾವ ಗುಳಿಗೆಯನ್ನೂ ನೀವಾಗಿ ನಿಲ್ಲಿಸಬೇಡಿ. ಕೆಲವನ್ನು ಒಮ್ಮೆಲೇ ನಿಲ್ಲಿಸಿದರೆ ಅಪಾಯವಿದೆ.

ಐವತ್ತರ ವಯಸ್ಸಿನವರಿಗೆ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಡುವುದು ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಕಣ್ಣು, ಮೂತ್ರಪಿಂಡ, ನರಗಳು ಕೆಡದಿರಲಿ ಎಂದು. ಅದೇ ಬಿಗಿಯ ಲಾಭ ಎಪ್ಪತ್ತೊಂಬತ್ತರವರ ಕೈಗೆ ಬರಲು ಹಲವು ವರ್ಷ ಬೇಕಾಗುತ್ತದೆ, ಆದರೆ ಅದರಿಂದ ಆಗುವ ಹಾನಿ ಈ ವಾರವೇ ಆಗಬಹುದು. ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ ಕೂಡ ಎಲ್ಲ ವೃದ್ಧರನ್ನೂ ಒಂದೇ ಅಳತೆಯಲ್ಲಿ ಅಳೆಯುವುದಿಲ್ಲ. ಬೇರೆ ಕಾಯಿಲೆ ಹೆಚ್ಚಿಲ್ಲದೆ ಗಟ್ಟಿಮುಟ್ಟಾಗಿರುವ ಹಿರಿಯರಿಗೆ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಶೇ. 7ರಿಂದ 7.5ರೊಳಗಿರಲಿ ಎನ್ನುವ ಅದು, ಹಲವು ಕಾಯಿಲೆಗಳಿರುವವರಿಗೆ ಶೇ. 8ರೊಳಗಿದ್ದರೆ ಸಾಕೆನ್ನುತ್ತದೆ. ತೀರಾ ಬಲಹೀನರಾದವರಲ್ಲಿ ಆ ಅಂಕಿಯ ಬೆನ್ನು ಬೀಳದೆ, ಸಕ್ಕರೆ ಅಪಾಯಕಾರಿಯಾಗಿ ಇಳಿಯದಂತೆ ಮತ್ತು ತೊಂದರೆ ಕೊಡುವಷ್ಟು ಏರದಂತೆ ನೋಡಿಕೊಂಡರಾಯಿತು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ವರದಿಯೂ ಆರೋಗ್ಯಕರ ವೃದ್ಧಾಪ್ಯವನ್ನು ಕಾಯಿಲೆಗಳ ಪಟ್ಟಿಯಿಂದ ಅಳೆಯದೆ, ಮನುಷ್ಯನು ತನಗೆ ಬೆಲೆಯುಳ್ಳದ್ದೆಂದು ತೋರುವ ಕೆಲಸವನ್ನು ಮಾಡಬಲ್ಲನೇ ಎಂಬುದರಿಂದ ಅಳೆಯಿತು. ನಿಮ್ಮ ಅತ್ತೆಯವರ ಮಟ್ಟಿಗೆ ಆ ಕೆಲಸ ಹೂ ಕೊಯ್ಯುವುದು. ಅದನ್ನು ಆರೋಗ್ಯದ ಹೊರಗಿನ ಸಣ್ಣ ಆಸೆಯೆಂದು ಬದಿಗಿಡಲು ಬರುವುದಿಲ್ಲ.

ಅಂಕಿಗಳ ಚೀಟಿಯಲ್ಲಿ ಕಾಣದ ಒಂದು ಸಂಗತಿ ನಮ್ಮ ಕಡೆಯ ಬಹುತೇಕ ಹಿರಿಯರಲ್ಲಿದೆ, ಅದು ಒಪ್ಪತ್ತು. ಏಕಾದಶಿಯಂದು, ಶನಿವಾರದಂದು, ಶ್ರಾವಣದ ಸೋಮವಾರಗಳಂದು ರಾತ್ರಿ ಊಟ ಬಿಡುವವರು ಎಷ್ಟೋ ಜನರಿದ್ದಾರೆ. ಉಪವಾಸವಿದ್ದರೂ ರಾತ್ರಿಯ ಗುಳಿಗೆಯನ್ನು ಮಾತ್ರ ತಪ್ಪಿಸುವುದಿಲ್ಲ, ಏಕೆಂದರೆ ತಪ್ಪಿಸಬಾರದೆಂದು ವೈದ್ಯರು ಹೇಳಿರುತ್ತಾರೆ, ಒಪ್ಪತ್ತಿನ ವಿಷಯವನ್ನು ವೈದ್ಯರಿಗೆ ಯಾರೂ ಹೇಳಿರುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್ ಗುಂಪಿನ ಸಕ್ಕರೆ ಕಾಯಿಲೆಯ ಗುಳಿಗೆಗಳು ಹೊಟ್ಟೆಯಲ್ಲಿ ಊಟವಿದೆಯೋ ಇಲ್ಲವೋ ಎಂದು ನೋಡದೆ ಇನ್ಸುಲಿನ್ ಹೊರಡಿಸುತ್ತವೆ. ನಸುಕಿನ ಹೊತ್ತಿಗೆ ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ಹರೆಯದವರಿಗಾದರೆ ಬೆವರು, ನಡುಕ, ಹಸಿವು ಮುನ್ಸೂಚನೆ ಕೊಡುತ್ತವೆ; ವೃದ್ಧರಲ್ಲಿ ಆ ಸೂಚನೆಗಳು ಮಂಕಾಗಿ, ಮಂಪರು, ಅಸಂಬದ್ಧ ಮಾತು, ಕಾಲು ತಡವರಿಸುವುದು ಇಷ್ಟೇ ಕಾಣುತ್ತದೆ, ಮನೆಯವರು ಅದನ್ನು ಅರಳುಮರಳು ಎಂದುಕೊಳ್ಳುತ್ತಾರೆ. ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿ. ಅತ್ತೆಯವರಿಗೆ ಒಪ್ಪತ್ತು ಬಿಡಿ ಎಂದು ನಾನು ಹೇಳುವುದಿಲ್ಲ. ವೈದ್ಯರಿಗೆ ತಿಳಿಸಿದರೆ ಆ ದಿನದ ಔಷಧಿಯ ಪ್ರಮಾಣವನ್ನೋ ಇಡೀ ಗುಳಿಗೆಯನ್ನೋ ಬದಲಿಸಿಕೊಡಲು ದಾರಿಗಳಿವೆ.

ಇನ್ನು ಆ ಹನ್ನೊಂದು ಗುಳಿಗೆಗಳು. ಎಲ್ಲ ಗುಳಿಗೆ ಪಟ್ಟಿಗಳನ್ನೂ (ಸ್ಟ್ರಿಪ್) ಜಗುಲಿಯ ಮೇಲೆ ಹರಡಿಕೊಂಡು, ದೊಡ್ಡ ಅಕ್ಷರದ ಕಂಪನಿ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಔಷಧಿಯ ಹೆಸರನ್ನು ಮಕ್ಕಳಿಂದಾದರೂ ಓದಿಸಿ ಒಂದು ಹಾಳೆಯಲ್ಲಿ ಬರೆಯಿರಿ. ಮೂವರು ವೈದ್ಯರು ಬೇರೆ ಬೇರೆ ಕಾಲದಲ್ಲಿ ಬರೆದ ಕಡೆಗಳಲ್ಲಿ ಒಂದೇ ಔಷಧಿ ಎರಡು ಹೆಸರಿನಲ್ಲಿ ಬಂದಿರುವುದು ಅಪರೂಪವಲ್ಲ: ಒಂದು ಪಟ್ಟಿಯಲ್ಲಿ ಬಿ.ಪಿ.ಯ ಔಷಧಿ ಟೆಲ್ಮಿಸಾರ್ಟನ್ ಒಂದೇ ಇದ್ದರೆ, ಇನ್ನೊಂದರಲ್ಲಿ ಅದೇ ಟೆಲ್ಮಿಸಾರ್ಟನ್ ಮೂತ್ರ ಹೆಚ್ಚಿಸುವ ಔಷಧಿಯೊಡನೆ ಕೂಡಿಕೊಂಡಿರುತ್ತದೆ. ಮೊಣಕಾಲಿಗೆಂದು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದ ನೋವಿನ ಗುಳಿಗೆ, ನೆಗಡಿ ಗುಳಿಗೆ, ನಾಟಿ ವೈದ್ಯರ ಚೂರ್ಣ, ಇವೂ ಹಾಳೆಯಲ್ಲಿ ಸೇರಲಿ. ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆಯು ಟೆಲ್ಮಿಸಾರ್ಟನ್ ಮತ್ತು ಮೂತ್ರ ಹೆಚ್ಚಿಸುವ ಔಷಧಿ ಇವೆರಡರ ಜೊತೆಗೂಡಿದಾಗ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವವಿದೆ. ನೆಗಡಿಗೆಂದು ಕೊಡುವ ಕ್ಲೋರ್‌ಫೆನಿರಮಿನ್ ವಯಸ್ಸಾದವರಲ್ಲಿ ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವಿಕೆ ತರಬಲ್ಲದು. ಸಕ್ಕರೆಗೆ ಮೆಟ್‌ಫಾರ್ಮಿನ್ ನುಂಗುತ್ತ ವರ್ಷಗಳಾಗಿದ್ದು, ಊಟವೂ ಸಸ್ಯಾಹಾರವಾಗಿದ್ದರೆ ಬಿ12 ಒಮ್ಮೆ ಪರೀಕ್ಷೆ ಮಾಡಿಸಿ. ಪಾದ ಜೋಮು ಹಿಡಿಯುವುದಕ್ಕೂ ಮರೆವಿಗೂ ಅದರ ಕೊರತೆ ಕಾರಣವಾಗಬಹುದು.

ಹೂ ಕೊಯ್ಯುವ ವಿಷಯಕ್ಕೆ ಬರೋಣ. ಹಾಸಿಗೆಯಿಂದೆದ್ದು ಹೊಸ್ತಿಲು ದಾಟಿ ಅಂಗಳಕ್ಕಿಳಿಯುವ ಆ ಹೊತ್ತೇ ವೃದ್ಧರು ಬೀಳುವ ಹೊತ್ತು. ಬಿ.ಪಿ.ಯನ್ನು ಕುರ್ಚಿಯಲ್ಲಿ ಕೂರಿಸಿ ಮಾತ್ರ ನೋಡುವುದು ವಾಡಿಕೆ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೊಮ್ಮೆ ನೋಡಲು ಹೇಳಿ. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ, ಕುಳಿತಾಗಿನ ಅಂಕಿ ಎಷ್ಟು ಚೆನ್ನಾಗಿದ್ದರೂ ಔಷಧಿಯನ್ನು ಮರುವಿಚಾರ ಮಾಡಬೇಕಾಗುತ್ತದೆ. ಉಳಿದದ್ದು ಮನೆಯಲ್ಲಿ ಆಗಬೇಕಾದ ಕೆಲಸ. ಆಷಾಢದಲ್ಲಿ ನಮ್ಮ ಅಂಗಳಗಳು ಪಾಚಿಗಟ್ಟಿದಾಗ ಹರೆಯದವರೂ ಜಾರುತ್ತಾರೆ. ಮೆಟ್ಟಿಲಿನಿಂದ ದಾಸವಾಳದ ಗಿಡದವರೆಗೆ ಪಾಚಿ ಕೆರೆದು, ಕೈಗೆ ಸಿಗುವ ಎತ್ತರದಲ್ಲಿ ಒಂದು ಬಿದಿರಿನ ಗಳ ಕಟ್ಟಿಕೊಟ್ಟರೆ, ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಒಂದು ದೀಪ ಉರಿದರೆ, ಅದು ಹನ್ನೆರಡನೆಯ ಗುಳಿಗೆಗಿಂತ ಹೆಚ್ಚಿನ ಉಪಕಾರ ಮಾಡೀತು. ಹೂ ಕೊಯ್ಯುವುದನ್ನು ಬಿಡಿಸಿ ಕೂರಿಸಿದರೆ ಸುರಕ್ಷಿತ ಎಂದು ತೋರುವುದು ಸಹಜ. ಆದರೆ ನಡೆಯದ ಕಾಲು ಬಹುಬೇಗ ಶಕ್ತಿಗುಂದುತ್ತದೆ, ಮೊಣಕಾಲು ನೋವಿಗೂ ತೊಡೆಯ ಸ್ನಾಯು ಗಟ್ಟಿಯಿರುವುದೇ ದೊಡ್ಡ ಆಸರೆ.

ಅವರನ್ನು ಕೇಳುವುದು ಹೇಗೆ ಎಂಬುದು ಹೇಳಿದಷ್ಟು ಸುಲಭವಲ್ಲ. ನಿಮಗೇನು ಬೇಕು ಎಂದು ನೇರವಾಗಿ ಕೇಳಿದರೆ ನಮ್ಮ ಹಿರಿಯರು ‘ನಂಗೆಂತಾ ಬೇಡ, ನೀವೆಲ್ಲ ಚಲೋ ಇದ್ರೆ ಸಾಕು’ ಎಂದುಬಿಡುತ್ತಾರೆ. ಅದಕ್ಕಿಂತ, ನಿನ್ನೆಯ ದಿನದಲ್ಲಿ ಯಾವ ಹೊತ್ತು ಹಿತವಾಗಿತ್ತು, ಯಾವುದು ಕಷ್ಟವಾಯಿತು, ಯಾವ ಗುಳಿಗೆ ನುಂಗಿದ ಮೇಲೆ ತಲೆ ತಿರುಗುತ್ತದೆ, ಯಾವುದಕ್ಕೆ ಹೆದರಿಕೆಯಾಗುತ್ತದೆ ಎಂದು ಕೇಳಿ. ಅವರ ಎದುರು ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿ. ಕಿವಿ ಮಂದವಾದವರು ಕೇಳಿಸದಿದ್ದರೂ ಹೂಂ ಎನ್ನುತ್ತಾರೆ. ವೈದ್ಯರ ಕೊಠಡಿಯಲ್ಲಿ ಆಗುವ ಒಂದು ಅಭ್ಯಾಸವನ್ನಂತೂ ಬಿಡಲೇಬೇಕು. ವೈದ್ಯರು ರೋಗಿಯನ್ನು ಕೇಳುತ್ತಾರೆ, ಉತ್ತರ ಮಗನಿಂದಲೋ ಸೊಸೆಯಿಂದಲೋ ಬರುತ್ತದೆ, ಎರಡನೆಯ ಪ್ರಶ್ನೆಯಿಂದ ವೈದ್ಯರೂ ಮಗನ ಕಡೆಗೇ ತಿರುಗಿ ಮಾತಾಡುತ್ತಾರೆ, ಕಾಯಿಲೆಯಿರುವವರು ನಡುವೆ ಕುಳಿತಿರುತ್ತಾರೆ. ಮೊದಲ ಐದು ನಿಮಿಷ ನೀವು ಸುಮ್ಮನಿರಿ, ಅವರೇ ಹೇಳಲಿ. ಬಿಟ್ಟುಹೋದದ್ದನ್ನು ಕೊನೆಗೆ ಸೇರಿಸಿ.

ಕೇಳುವುದೆಂದರೆ ಕೇಳಿದ್ದಕ್ಕೆಲ್ಲ ಒಪ್ಪುವುದಲ್ಲ. ಅಡಿಕೆಯಿಂದಲೇ ಬದುಕುವ ಸೀಮೆಯಲ್ಲಿ ಕುಳಿತು ಇದನ್ನು ಬರೆಯುವುದು ತುಸು ಮುಜುಗರದ ಕೆಲಸವೇ ಆದರೂ, ತಂಬಾಕಿಲ್ಲದ ಕವಳವೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿದೆ. ಅರವತ್ತು ವರ್ಷದ ಅಭ್ಯಾಸವನ್ನು ಈ ವಯಸ್ಸಿನಲ್ಲಿ ಜಗಳವಾಡಿ ಬಿಡಿಸಬೇಕೇ ಎಂದರೆ, ನನ್ನ ಮಟ್ಟಿಗೆ ತಂಬಾಕಿದ್ದರೆ ಅದನ್ನು ಬಿಡಿಸಲು ಒತ್ತಾಯಿಸುತ್ತೇನೆ, ಅಡಿಕೆಯ ಅಪಾಯವನ್ನು ಬಿಡಿಸಿ ಹೇಳಿ ತೀರ್ಮಾನ ಅವರದೇ ಎನ್ನುತ್ತೇನೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ತಡಮಾಡದೆ ತೋರಿಸಿ. ಅನ್ನದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ; ಎರಡು ತುತ್ತಿನ ಜೊತೆ ಬೇಳೆ, ಮಜ್ಜಿಗೆ, ತಂಬುಳಿ ಇರಲಿ. ಈ ವಯಸ್ಸಿನಲ್ಲಿ ಉಣ್ಣದೆ ತೂಕ ಇಳಿಯುವುದು ಸಕ್ಕರೆ ತುಸು ಏರುವುದಕ್ಕಿಂತ ಕೆಟ್ಟದ್ದು.

ಯಾವ ವೈದ್ಯರನ್ನು ಆರಿಸಬೇಕು? ಹೆಸರುವಾಸಿಯಾದವರಿಗಿಂತ ಹತ್ತಿರದಲ್ಲಿರುವವರು, ಅತ್ತೆಯವರ ಮಾತು ಕೇಳುವ ವ್ಯವಧಾನವಿರುವವರು ಮೇಲು. ದೊಡ್ಡ ಆಸ್ಪತ್ರೆ ಬೇಕೆಂದಾಗ ಹುಬ್ಬಳ್ಳಿಗೋ ಮಂಗಳೂರಿಗೋ ಗೋವೆಗೋ ಓಡುವುದು ನಮ್ಮ ಜಿಲ್ಲೆಯ ಹಣೆಬರಹವಾಗಿದೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದ್ದರೂ ಶಿರಸಿಯವರಿಗೆ ಘಟ್ಟ ಇಳಿದು ಹೋಗುವುದು ಸಲೀಸಲ್ಲ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿಹೋಗಿತ್ತು. ಬರೀ ಗುಳಿಗೆ ಮುಂದುವರಿಸಲೆಂದು ಮೂರು ತಿಂಗಳಿಗೊಮ್ಮೆ ಎಂಬತ್ತರ ಅಂಚಿನವರನ್ನು ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಸುತ್ತ ಕರೆದೊಯ್ಯುವುದರಲ್ಲಿ ಅರ್ಥವಿಲ್ಲ. ದೂರದ ತಜ್ಞರ ಸಲಹೆಯನ್ನು ಶಿರಸಿಯ ವೈದ್ಯರ ಮೂಲಕವೋ, ಸರ್ಕಾರದ ಇ-ಸಂಜೀವಿನಿ ದೂರ ಸಮಾಲೋಚನೆಯ ಮೂಲಕವೋ ಪಡೆಯಬಹುದು. ಓಡಲೇಬೇಕಾದ ಸಂದರ್ಭಗಳು ಬೇರೆ. ಬಾಯಿ ಒಂದು ಬದಿಗೆ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಅದು ಪಾರ್ಶ್ವವಾಯು ಇರಬಹುದು; ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ, ಹುಬ್ಬಳ್ಳಿ ಸುಮಾರು 100 ಕಿ.ಮೀ. ದೂರವಿದೆ, ಹತ್ತಿರದಲ್ಲಿ ಸಿ.ಟಿ. ಸ್ಕ್ಯಾನ್ ಮತ್ತು ಆ ಚುಚ್ಚುಮದ್ದು ಎಲ್ಲಿ ಸಿಗುತ್ತದೆಂದು ಇಂದೇ ವಿಚಾರಿಸಿಟ್ಟುಕೊಳ್ಳಿ. ನಿನ್ನೆಯವರೆಗೆ ಸರಿಯಿದ್ದವರು ಇದ್ದಕ್ಕಿದ್ದಂತೆ ಗೊಂದಲಕ್ಕೊಳಗಾದರೆ ಅದು ವಯಸ್ಸಿನ ಮರೆವಲ್ಲ. ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಸಕ್ಕರೆ ಇಳಿಕೆ ಯಾವುದಾದರೂ ಇರಬಹುದು, ಅಂದೇ ತೋರಿಸಬೇಕು. ಅದಕ್ಕೆ ಬದಲಾಗಿ, ವಾರಗಟ್ಟಲೆ ಹೂವಿನ ಬುಟ್ಟಿಯ ಕಡೆ ನೋಡದೆ, ಊಟ ಸೇರದೆ, ಮಾತು ಬಿಟ್ಟು ಕುಳಿತರೆ ಖಿನ್ನತೆಯಿದೆಯೇ ಎಂದು ವೈದ್ಯರನ್ನು ಕೇಳಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲೂ ಮಾತಾಡಬಹುದು.

ಮೈದುನನ ಫೋನಿನ ಬಗ್ಗೆ. ದೂರದಲ್ಲಿರುವ ಮಕ್ಕಳಿಗೆ ಕಾಳಜಿ ತೋರಿಸಲು ಕೈಗೆ ಸಿಗುವುದು ಅಂಕಿಯೊಂದೇ ಆಗಿರುತ್ತದೆ, ಹಾಗಾಗಿ ಅದನ್ನೇ ಕೇಳುತ್ತಾರೆ. ವೈದ್ಯರು ಬರೆದುಕೊಟ್ಟ ಹೊಸ ಗುರಿಯ ಚೀಟಿಯ ಚಿತ್ರವನ್ನು ಅವನಿಗೆ ಕಳಿಸಿ, ಫೋನನ್ನು ನೇರವಾಗಿ ಅಮ್ಮನ ಕೈಗೆ ಕೊಡಿ. ಸಕ್ಕರೆ ಎಷ್ಟು ಎಂಬ ಪ್ರಶ್ನೆಗೆ ಉತ್ತರಿಸುವ ಕೆಲಸ ನಿಮ್ಮದಾಗದಿರಲಿ. ನಿಮ್ಮ ಪತ್ರದಲ್ಲಿ ನಿಮ್ಮ ನಿದ್ದೆ, ನಿಮ್ಮ ಬೆನ್ನು, ನಿಮ್ಮ ಬಿಡುವಿನ ಬಗ್ಗೆ ಒಂದು ಸಾಲೂ ಇಲ್ಲ. ಒಬ್ಬರೇ ಹೊರುವ ಆರೈಕೆ ಹೆಚ್ಚು ದಿನ ನಡೆಯುವುದಿಲ್ಲವಾದ್ದರಿಂದ, ಮೈದುನ ವರ್ಷಕ್ಕೊಮ್ಮೆಯಾದರೂ ಹದಿನೈದು ದಿನ ಬಂದು ತಾಯಿಯ ಗುಳಿಗೆ, ಊಟ, ಸ್ನಾನಗಳನ್ನು ತಾನೇ ನೋಡಿಕೊಳ್ಳುವಂತೆ ನಿಮ್ಮ ಯಜಮಾನರಿಂದಲೇ ಹೇಳಿಸಿ. ಅದು ಅಡಿಕೆ ಗೊನೆಗಳ ಕೊಯ್ಲು ಶುರುವಾಗುವ ಮೊದಲೇ ಆಗಲಿ. ಅಡಿಕೆ ಸುಲಿಯುವ ದಿನಗಳು ಬಂದ ಮೇಲೆ ನೀವು ತವರಿಗೆ ಹೋಗಿ ಬರುತ್ತೇನೆಂದರೂ ಮನೆಯಲ್ಲಿ ಯಾರೂ ಒಪ್ಪಲಾರರು.