ಬಲಿಗೆ ಯಾರನ್ನು ಆರಿಸುತ್ತಾರೆ?

ಪೆರು ದೇಶದ ಕಡಲ ತೀರದಲ್ಲಿ, ಪೆಸಿಫಿಕ್ ಸಾಗರದ ಅಂಚಿನಲ್ಲಿ, 2011ರಲ್ಲಿ ಪುರಾತತ್ವ ತಜ್ಞರು ಒಂದು ಜಾಗ ಅಗೆಯಲು ಶುರು ಮಾಡಿದರು. ಅಲ್ಲಿ ಸಿಕ್ಕಿದ್ದು ಮಕ್ಕಳ ಅಸ್ಥಿಪಂಜರಗಳು. ಒಂದೆರಡಲ್ಲ, 140ಕ್ಕೂ ಹೆಚ್ಚು. ಬಹುಪಾಲು ಮಕ್ಕಳಿಗೆ 5ರಿಂದ 14 ವರ್ಷ ವಯಸ್ಸು. ಜೊತೆಗೆ 200ಕ್ಕೂ ಹೆಚ್ಚು ಲಾಮಾಗಳು, ಅವೂ ಹೆಚ್ಚಾಗಿ ಮರಿಗಳೇ. ಎದೆಮೂಳೆಗಳ ಮೇಲೆ ಅಡ್ಡಲಾಗಿ ಒಂದೇ ತರಹ ಕೊಯ್ದ ಗುರುತು. ಕೈ ನಡುಗದೆ, ಅಭ್ಯಾಸವಿದ್ದವರು ಕೊಯ್ದ ಹಾಗೆ.

ಇದು ನಡೆದದ್ದು 1450ರ ಆಸುಪಾಸಿನಲ್ಲಿ, ಚಿಮು ಎಂಬ ರಾಜ್ಯದಲ್ಲಿ. ಯಾಕೆ ಹೀಗೆ ಮಾಡಿದರು ಅನ್ನುವುದಕ್ಕೆ ಒಂದು ಸುಳಿವು ಮಣ್ಣಿನಲ್ಲೇ ಇತ್ತು. ಮಕ್ಕಳನ್ನು ಹೂಳಿದ್ದ ಜಾಗದಲ್ಲಿ ದಪ್ಪನೆಯ ಕೆಸರಿನ ಪದರ ಸಿಕ್ಕಿತು. ಆ ಕರಾವಳಿ ಮರುಭೂಮಿ. ಅಲ್ಲಿ ಕೆಸರಾಗುವಷ್ಟು ಮಳೆ ಬರುವುದು ಎಲ್ ನಿನೊ ಜೋರಾದಾಗ ಮಾತ್ರ. ಸಾಮಾನ್ಯ ದಿನಗಳಲ್ಲಿ ಅಲ್ಲಿನ ಸಮುದ್ರದ ನೀರು ತಣ್ಣಗಿರುತ್ತದೆ, ಮೀನು ದಂಡಿಯಾಗಿ ಸಿಗುತ್ತದೆ, ಮಳೆ ಇಲ್ಲವೇ ಇಲ್ಲ ಅನ್ನಬಹುದು. ಎಲ್ ನಿನೊ ಬಂದಾಗ ನೀರು ಬಿಸಿಯಾಗುತ್ತದೆ. ಮೀನು ಮಾಯವಾಗುತ್ತದೆ. ಒಣ ನೆಲದ ಮೇಲೆ ಪ್ರವಾಹ ನುಗ್ಗುತ್ತದೆ. ಆಗ ಯಾರೋ ಹೇಳಿರಬೇಕು, ದೇವರು ಮುನಿದಿದ್ದಾನೆ, ಮಕ್ಕಳನ್ನು ಕೊಡಿ ಅಂತ. ಸಂಶೋಧಕರ ಊಹೆಯೂ ಇದೇ.

ಎಲ್ ನಿನೊ ಸಾಮಾನ್ಯವಾಗಿ ಒಂಬತ್ತು ಹನ್ನೆರಡು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮಕ್ಕಳನ್ನು ಕೊಂದರೂ ಇಳಿಯುತ್ತದೆ, ಕೊಲ್ಲದಿದ್ದರೂ ಇಳಿಯುತ್ತದೆ. ಆದರೆ ಕೊಂದವರಿಗೆ ಕಾಣುವುದು ಒಂದೇ: ಬಲಿ ಕೊಟ್ಟೆವು, ಮಳೆ ನಿಂತಿತು. ಜನ ಬಲಿಗೆ ಕೈ ಹಾಕುವುದು ಕಷ್ಟ ವಿಪರೀತವಾದಾಗ. ವಿಪರೀತಕ್ಕೆ ಹೋದದ್ದು ಬಹಳ ಸಲ ತಾನಾಗಿಯೇ ತಗ್ಗುತ್ತದೆ. ತಗ್ಗದಿದ್ದರೆ? ಪೂಜೆಯಲ್ಲಿ ಏನೋ ಲೋಪವಾಯಿತು, ಇನ್ನೊಂದು ಬಲಿ ಬೇಕು. ಹೀಗೆ ನಂಬಿಕೆ ಸೋಲುವುದಕ್ಕೆ ದಾರಿಯೇ ಇರುವುದಿಲ್ಲ.

ಇದು ದಡ್ಡರ ಮನಸ್ಸು ಮಾತ್ರ ಮಾಡುವ ತಪ್ಪಲ್ಲ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗ ಪ್ರಸಿದ್ಧ. ಹಸಿದ ಹಕ್ಕಿಗಳಿಗೆ 15 ಸೆಕೆಂಡಿಗೊಮ್ಮೆ ಸುಮ್ನೆ ಕಾಳು ಕೊಡುತ್ತಿದ್ದರು. ಹಕ್ಕಿ ಏನು ಮಾಡಿದರೂ, ಏನೂ ಮಾಡದಿದ್ದರೂ ಕಾಳು ಬರುತ್ತಿತ್ತು. ಆದರೂ ಎಂಟರಲ್ಲಿ ಆರು ಹಕ್ಕಿಗಳು ಏನೋ ಒಂದು ವರ್ತನೆಗೆ ಅಂಟಿಕೊಂಡವು. ಒಂದು ಗೂಡಿನೊಳಗೆ ಸುತ್ತು ಹಾಕತೊಡಗಿತು. ಇನ್ನೊಂದು ಮೇಲಿನ ಮೂಲೆಗೆ ತಲೆ ಚಾಚತೊಡಗಿತು. ಕಾಳು ಬಿದ್ದ ಹೊತ್ತಿಗೆ ತಾವು ಮಾಡುತ್ತಿದ್ದುದೇ ಕಾಳು ತಂದಿತು ಎಂಬಂತೆ ನಡೆದುಕೊಂಡವು. ಆ ವರ್ತನೆಯನ್ನು ನಂತರದ ಸಂಶೋಧಕರು ಬೇರೆ ರೀತಿಯಲ್ಲೂ ವಿವರಿಸಿದ್ದಾರೆ. ಆದರೆ ಒಂದರ ಹಿಂದೆ ಒಂದು ಬಂದದ್ದನ್ನು ಗಂಟು ಹಾಕುವ ಸ್ವಭಾವ ನಮ್ಮಲ್ಲೂ ಇದೆ, ಅಲ್ವಾ? ಆ ಸ್ವಭಾವದಿಂದಲೇ ಮನುಷ್ಯ ಬೀಜ, ಮಳೆ, ಬೆಂಕಿ ಎಲ್ಲವನ್ನೂ ಅರಿತ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಭಯ ಸೇರಿದಾಗ ಈ ಸ್ವಭಾವ ಇನ್ನೂ ಬಿಗಿಯಾಗುತ್ತದೆ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ನ್ಯೂಗಿನಿ ಬಳಿಯ ಟ್ರೋಬ್ರಿಯಂಡ್ ದ್ವೀಪಗಳಲ್ಲಿದ್ದ ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ ಒಂದು ವಿಷಯ ಗಮನಿಸಿದರು. ದ್ವೀಪದ ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿನ ಜನ ಮಂತ್ರ ಹಾಕುತ್ತಿರಲಿಲ್ಲ. ತೆರೆದ ಸಮುದ್ರಕ್ಕೆ ಇಳಿಯುವಾಗ ಮಾತ್ರ ಮಂತ್ರ, ಕಟ್ಟುಪಾಡು ಎಲ್ಲಾ. ಅಲ್ಲಿ ಮೀನು ಸಿಗುವುದೂ ಖಾತ್ರಿಯಿಲ್ಲ, ಜೀವಂತ ಮರಳುವುದೂ ಖಾತ್ರಿಯಿಲ್ಲ.

ಇಲ್ಲಿಯವರೆಗಿನ ಕಥೆ ಮನಸ್ಸಿನದು. ಆದರೆ ಭಯಪಟ್ಟ ಮನುಷ್ಯ ತೆಂಗಿನಕಾಯಿ ಒಡೆಯಬಹುದು, ಹರಕೆ ಹೊರಬಹುದು, ಉಪವಾಸ ಮಾಡಬಹುದು. ಇನ್ನೊಬ್ಬರ ಮಗುವಿನ ಕುತ್ತಿಗೆಗೆ ಕತ್ತಿ ಹಿಡಿಯಲು ಭಯ ಒಂದೇ ಸಾಲದು. ಆ ಮಗು ತನ್ನ ಹಾಗೆ ಮನುಷ್ಯನಲ್ಲ, ಅಥವಾ ಅದರ ಜೀವ ಅಗ್ಗ ಅನ್ನುವ ಎಣಿಕೆಯೂ ಒಳಗೆ ಇರಬೇಕು. ಮೂಢನಂಬಿಕೆಯ ಬಗ್ಗೆ ಮಾತಾಡುವಾಗ ನಾವು ಅಜ್ಞಾನವನ್ನು ಮಾತ್ರ ಬೈಯುತ್ತೇವೆ, ಈ ಎಣಿಕೆಯನ್ನು ಮುಟ್ಟುವುದೇ ಇಲ್ಲ ಅನ್ನುವುದು ನನ್ನ ದೂರು.

ಈ ಎಣಿಕೆಯ ಕುರುಹು ಅಂಕಿಗಳಲ್ಲೂ ಕಾಣುತ್ತದೆ. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಮಡಗಾಸ್ಕರ್‌ನಿಂದ ಈಸ್ಟರ್ ದ್ವೀಪದವರೆಗೆ ಹರಡಿದ್ದ 93 ಆಸ್ಟ್ರೊನೇಷ್ಯನ್ ಸಮಾಜಗಳನ್ನು, ಅಂದರೆ ಒಂದೇ ಭಾಷಾ ಕುಟುಂಬಕ್ಕೆ ಸೇರಿದ ಸಮಾಜಗಳನ್ನು, ಅದರಲ್ಲಿ ಹೋಲಿಸಿದ್ದರು. 40ರಲ್ಲಿ ನರಬಲಿ ಇತ್ತು. ಮೇಲು ಕೀಳು ಅಷ್ಟಾಗಿ ಇಲ್ಲದ ಸಮಾಜಗಳಲ್ಲಿ ಶೇ 25ರಷ್ಟರಲ್ಲಿ, ಮಧ್ಯಮ ಮಟ್ಟದ ಮೇಲು ಕೀಳು ಇದ್ದಲ್ಲಿ ಶೇ 37ರಷ್ಟರಲ್ಲಿ, ಮೇಲು ಕೀಳು ಗಟ್ಟಿಯಾಗಿದ್ದಲ್ಲಿ ಶೇ 67ರಷ್ಟರಲ್ಲಿ ಬಲಿ ನಡೆಯುತ್ತಿತ್ತು. ಬಲಿ ಕೊಡಿಸುತ್ತಿದ್ದವರು ಸಾಮಾನ್ಯವಾಗಿ ನಾಯಕರು, ಪೂಜಾರಿಗಳು. ಬಲಿಯಾಗುತ್ತಿದ್ದವರು ಗುಲಾಮರು, ಸೆರೆಯಾಳುಗಳು, ಕೆಳಗಿನವರು. ಮುಖಂಡ ಸತ್ತರೆ ಬಲಿ, ಹೊಸ ದೋಣಿ ನೀರಿಗಿಳಿದರೆ ಬಲಿ. ಮೇಲಿದ್ದವರು ಮೇಲೆಯೇ ಉಳಿಯಲು ಬಲಿ ಒಂದು ಸಾಧನವಾಗಿತ್ತು ಅನ್ನುವುದು ಆ ಸಂಶೋಧಕರ ತೀರ್ಮಾನ.

ನಮ್ಮ ಜನಪದದಲ್ಲೂ ಇಂಥ ಕಥೆ ಇದೆ. ಕೆರೆ ಕಟ್ಟಿಸಿದರೂ ನೀರು ಬರಲಿಲ್ಲವೆಂದು ಗೌಡರ ಮನೆಯ ಸೊಸೆಯನ್ನು ಕೆರೆಗೆ ಕೊಟ್ಟ ಕಥೆ. ಕೆರೆ ಕಟ್ಟಿಸಿದ ಗೌಡನನ್ನಾಗಲಿ, ಶಾಸ್ತ್ರ ಹೇಳಿದವನನ್ನಾಗಲಿ ಕೇಳುವವರಿಲ್ಲ. ಸರದಿ ಬರುವುದು ಕಿರಿ ಸೊಸೆಗೆ. ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಳೆಯ ಕಾಲ ಅಂತ ಬಿಡೋಣವೇ? 2022ರಲ್ಲಿ ಕೇರಳದ ಪತ್ತನಂತಿಟ್ಟ ಜಿಲ್ಲೆಯಲ್ಲಿ ಇಬ್ಬರು ಹೆಂಗಸರ ಕೊಲೆ ಬೆಳಕಿಗೆ ಬಂತು. ಐಶ್ವರ್ಯ ಬರಲಿ ಎಂದು ನಡೆದ ಬಲಿ ಇದು ಎಂದು ಪೊಲೀಸರು ಹೇಳಿದರು. ಸತ್ತವರಿಬ್ಬರೂ ಬೀದಿಯಲ್ಲಿ ಲಾಟರಿ ಟಿಕೆಟ್ ಮಾರಿ ಬದುಕುತ್ತಿದ್ದವರು. ಕಾಣೆಯಾದರೆ ಯಾರೂ ಜಾಸ್ತಿ ಹುಡುಕುವುದಿಲ್ಲ ಅನ್ನಿಸುವಂಥ ಬದುಕು. ಈ ರಾಜ್ಯ ಓದು ಬರಹಕ್ಕೆ ಹೆಸರಾದದ್ದು ಅನ್ನುವುದನ್ನೂ ಗಮನಿಸಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2021ರಲ್ಲಿ ದೇಶದಲ್ಲಿ ನರಬಲಿಗೆ ಸಂಬಂಧಿಸಿ 6 ಸಾವು, ಮಾಟದ ಕಾರಣಕ್ಕೆ 68 ಕೊಲೆ ದಾಖಲಾಗಿವೆ.

ತಾಂಜಾನಿಯಾದಲ್ಲಿ ಇನ್ನೊಂದು ರೂಪ. ಆಲ್ಬಿನಿಸಂ ಇರುವವರ, ಅಂದರೆ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಮೆಲನಿನ್ ಕಡಿಮೆ ಇರುವವರ ಅಂಗಾಂಗಗಳಿಂದ ಅದೃಷ್ಟ ಬರುತ್ತದೆ ಎಂದು ಅವರನ್ನು ಕೊಂದಿದ್ದಾರೆ. ಅದೃಷ್ಟಕ್ಕೆ ಆಸೆಪಟ್ಟವರಲ್ಲಿ ಚಿನ್ನದ ಗಣಿಯವರು, ವಿಕ್ಟೋರಿಯಾ ಸರೋವರದ ಮೀನುಗಾರರು ಇದ್ದರು. ಇಂದು ಸಿಗುತ್ತದೋ ಇಲ್ಲವೋ ಅನ್ನುವ ಕಸುಬುಗಳೇ ಇವು. ನಮ್ಮಲ್ಲಿ ನಿಧಿ ಹುಡುಕುವವರ ಮನಸ್ಸೂ ಹೀಗೆಯೇ. ತಂದೆ ತಾಯಿ ಇಬ್ಬರಲ್ಲೂ ಬದಲಾದ ಒಂದೊಂದು ಜೀನ್ ಅಡಗಿದ್ದರೆ, ಪ್ರತಿ ಮಗುವಿಗೂ ಆಲ್ಬಿನಿಸಂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಿಜ್ಞಾನ ಹೇಳುವುದು ಇಷ್ಟೇ ಸರಳ. ಆದರೆ ಅಲ್ಲಿ ಇವರನ್ನು 'ದೆವ್ವ' ಎಂಬ ಅರ್ಥದ ಮಾತಿನಿಂದ ಕರೆಯುತ್ತಿದ್ದರು. ಇವರು ಸಾಯುವುದಿಲ್ಲ, ಮಾಯವಾಗುತ್ತಾರೆ ಅನ್ನುತ್ತಿದ್ದರು. ಸಾಯದವರನ್ನು ಕೊಂದರೆ ಪಾಪ ಎಲ್ಲಿಯದು? ಮೊದಲು ಮಾತಿನಲ್ಲಿ ಮನುಷ್ಯತ್ವ ಕಿತ್ತುಕೊಂಡರು, ಆಮೇಲೆ ಕೈ ಕಾಲು.

ಅದೇ ದೇಶದ ಹಳ್ಳಿಗಳಲ್ಲಿ ಮಾಟಗಾತಿ ಎಂದು ಮುದುಕಿಯರನ್ನು ಕೊಲ್ಲುವುದನ್ನು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಮಿಗೆಲ್ ಅಧ್ಯಯನ ಮಾಡಿದರು. ಬರ ಅಥವಾ ಅತಿವೃಷ್ಟಿಯ ವರ್ಷಗಳಲ್ಲಿ ಇಂಥ ಕೊಲೆ ಎರಡರಷ್ಟಾಗುತ್ತದೆ ಎಂದು 2005ರಲ್ಲಿ ತೋರಿಸಿದರು. ಅನ್ನ ಕಡಿಮೆಯಾದಾಗ, ಯಾರು ಬೇಡ ಅನ್ನಿಸುತ್ತದೋ ಅವರೇ ಮಾಟಗಾತಿ.

ಅಸ್ಸಾಂನ ಬೀರುಬಾಲಾ ರಾಭಾ ಅವರ ಕಥೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಗೋಲ್ಪಾರಾ ಜಿಲ್ಲೆಯ ಹಳ್ಳಿಯ ಹೆಂಗಸು, ಹೆಚ್ಚು ಓದಿದವರಲ್ಲ. 1980ರ ದಶಕದಲ್ಲಿ ಅವರ ಹಿರಿಯ ಮಗ ಕಾಯಿಲೆ ಬಿದ್ದ. ಮೂರು ದಿನದಲ್ಲಿ ಸಾಯುತ್ತಾನೆ ಎಂದು ಮಂತ್ರವಾದಿ ಹೇಳಿದ. ಮೂರು ದಿನ ಕಳೆಯಿತು. ಮಗ ಬದುಕಿಯೇ ಇದ್ದ. ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ: ಹೇಳಿದ್ದು ನಡೆಯಿತೋ ಇಲ್ಲವೋ ನೋಡು. ಆ ತಾಯಿ ನೋಡಿದರು. ಆದರೆ 'ನನ್ನ ಮಗ ಉಳಿದ, ಸಾಕು' ಎಂದು ಸುಮ್ಮನಾಗಲಿಲ್ಲ. ಮಾಟಗಾತಿ ಎಂಬ ಹಣೆಪಟ್ಟಿ ಹೊತ್ತ ಹೆಂಗಸರ ಪರವಾಗಿ ನಿಂತರು, ಬೆದರಿಕೆ ಎದುರಿಸಿದರು. ಅಸ್ಸಾಂ 2015ರಲ್ಲಿ ಇದರ ವಿರುದ್ಧ ಕಾನೂನು ಮಾಡಿತು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಂತ್ರವಾದಿಯ ಮಾತು ಸುಳ್ಳು ಎಂದು ಕಂಡದ್ದು ಅವರ ಬುದ್ಧಿ. ಬೇರೆಯವರ ಮನೆಯ ಹೆಂಗಸಿಗಾಗಿ ಊರನ್ನೇ ಎದುರು ಹಾಕಿಕೊಂಡದ್ದು ಬೇರೆಯೇ ಗುಣ.

ನಮ್ಮ ಸಂವಿಧಾನ ಈ ಎರಡನ್ನೂ ಒಟ್ಟಿಗೆ ಇಟ್ಟಿದೆ. 1976ರಲ್ಲಿ ಸೇರಿದ 51ಎ(ಎಚ್) ವಿಧಿ ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಮತ್ತು ಸುಧಾರಿಸುವ ಗುಣ ಬೆಳೆಸಿಕೊಳ್ಳುವುದು ಪ್ರತಿಯೊಬ್ಬರ ಕರ್ತವ್ಯ ಎನ್ನುತ್ತದೆ. ಇದರಲ್ಲಿ ಮೊದಲ ಮಾತು ಎಲ್ಲರ ಬಾಯಲ್ಲೂ ಇದೆ. ಎರಡನೆಯದು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ.

ಮೂಢನಂಬಿಕೆಯ ಹೆಸರಿನ ಅನಾಚಾರಗಳ ವಿರುದ್ಧ ಕೆಲವು ರಾಜ್ಯಗಳಲ್ಲಿ ಕಾನೂನೂ ಇದೆ. ಮಹಾರಾಷ್ಟ್ರದಲ್ಲಿ ಅದಕ್ಕಾಗಿ ವರ್ಷಗಟ್ಟಲೆ ದುಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಗುಂಡಿಟ್ಟು ಕೊಂದರು. ಅದಾದ ಕೆಲವೇ ದಿನಗಳಲ್ಲಿ ಅಲ್ಲಿ ಸುಗ್ರೀವಾಜ್ಞೆ ಬಂತು. ಕರ್ನಾಟಕದ ಕಾಯ್ದೆ 2017ರದು, ಜಾರಿಯಾದದ್ದು 2020ರ ಜನವರಿಯಲ್ಲಿ. ನಿಧಿಯ ಹೆಸರಿನಲ್ಲಿ ನಡೆಯುವ ವಾಮಾಚಾರ, ನರಬಲಿ ಅದರ ಪಟ್ಟಿಯಲ್ಲೇ ಇವೆ. ಶಿಕ್ಷೆ 1ರಿಂದ 7 ವರ್ಷ. ಕೊಲೆಗೆ ಬೇರೆ ಕಾನೂನು ಮೊದಲಿನಿಂದಲೂ ಇರುವಾಗ ಇದೇಕೆ ಅಂತ ಕೆಲವರು ಕೇಳುತ್ತಾರೆ. ಕೊಲೆಯ ಕಾನೂನು ಹೆಚ್ಚಾಗಿ ಕೆಲಸ ಮಾಡುವುದು ಹೆಣ ಬಿದ್ದ ಮೇಲೆ. ಈ ಕಾಯ್ದೆಯ ಬೆಲೆ ಇರುವುದು ಅದಕ್ಕೂ ಮೊದಲಿನ ದಿನಗಳಲ್ಲಿ. ಯಾರೋ ಒಬ್ಬ ಮನೆಗೆ ಬಂದು ನೆಲದಡಿ ನಿಧಿಯಿದೆ ಅನ್ನುತ್ತಾನೆ. ರಾತ್ರಿ ಹೊತ್ತು ಗುಂಡಿ ತೋಡುವ ಸದ್ದು ಕೇಳುತ್ತದೆ. ಅಮಾವಾಸ್ಯೆಯ ಲೆಕ್ಕ ನಡೆಯುತ್ತದೆ. ಪಕ್ಕದ ಮನೆಯವರಿಗೆ ಗೊತ್ತಾಗುತ್ತದೆ, ಆದರೆ ನಮಗೇಕೆ ಊರ ಉಸಾಬರಿ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಪೊಲೀಸರಿಗೆ 112, ಮಕ್ಕಳ ಸಹಾಯವಾಣಿಗೆ 1098. ಫೋನ್ ಮಾಡಬೇಕಾದದ್ದು ಆಗಲೇ. ಆ ಹೊತ್ತಿಗೆ ಮಗು ಇನ್ನೂ ಬದುಕಿರುತ್ತದೆ.